ಕಂಬದ ಬುಡ

ಗೃಹಸ್ಥ ವಾಚಕರಿಗೆ ಈ ಸಲ ಒಂದು ಸಣ್ಣ ವಿದ್ಯೆಯನ್ನು ನಿವೇದಿಸಬೇಕೆಂದಿರುವೆವು. ಈಗಿನ ಸಭೆಗಳಲ್ಲಿ ಮಾತನಾಡುವವರು ಗಣಕಯಂತ್ರದ ಸಹಾಯದಿಂದ ಪರದೆಯ ಮೇಲೆ ಒಂದೊಂದಾಗಿ ಪುಟಗಳನ್ನು ತೋರಿಸುವರು. ಅಂಥ ಪುಟಕ್ಕೆ ಸ್ಲೈಡ್ ಎಂದು ಹೆಸರು. ಅದರಲ್ಲಿ ಅಂಕಿಗಳನ್ನು ಕಂಬಗಳ ರೂಪದಿಂದ ನಿಲ್ಲಿಸುವದು ಹೇಗೆ, ನಿಲ್ಲಿಸಿದ ಕಂಬಗಳು ಸುಳ್ಳಾಡದಂತೆ ನೋಡಿಕೊಳ್ಳುವದು ಹೇಗೆ ಎಂಬುದೇ ಇಂದಿನ ವಿಷಯವು. ಶಾಲೆಯಲ್ಲಿ ಮಕ್ಕಳು ಇದನ್ನು ಸ್ತಂಭಾಲೇಖವೆಂದು ಕಲಿಯುವರು. ನಾವು ನೌಕರಿಯಲ್ಲಿದ್ದಾಗ ಕರಿಹಲಗೆಯ ಮೇಲೆ ಬಣ್ಣದ ಖಡುವಿನಿಂದ ಇದನ್ನು ಎಷ್ಟೋ ಸಲ ಬರೆದು ಕೈ ಬಿಳುಪು ಮಾಡಿಕೊಂಡಿರುವೆವು.

ಈ ಪದ್ಧತಿಯು ತೀರ ಹಳೆಯದಲ್ಲ. ವಿಲಿಯಮ್ ಪ್ಲೇಫೇರ್ ಎಂಬ ಸ್ಕಾಟ್ಲಂಡದ ಗೃಹಸ್ಥನು 1786ರಲ್ಲಿ ಲಂಡನ್ನಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಅನ್ಯದೇಶಗಳ ವ್ಯಾಪಾರವನ್ನು ಅವನು ವರ್ಷವರ್ಷದ ಗೆರೆಗಳಿಂದ ತೋರಿಸಿದನು. ಆದರೆ ಸ್ಕಾಟ್ಲಂಡಿನದೆಂದರೆ ಒಂದೇ ವರ್ಷದ ಲೆಕ್ಕವು ಅವನ ಕೈಗೆ ಸಿಕ್ಕಿತ್ತು. ಒಂದೇ ವರ್ಷಕ್ಕೆ ಗೆರೆ ಎಳೆಯುವದೆಂತು? ಆದುದರಿಂದ ಅವನು ಒಂದೊಂದು ದೇಶದ ಆಮದು ರಫ್ತುಗಳಿಗೆ ಒಂದೊಂದು ಪಟ್ಟಿಯನ್ನು ಬರೆದನು. ಕೊರತೆಯಿಂದ ಹುಟ್ಟಿದ ಆ ಯುಕ್ತಿಯೇ ಇಂದು ಜಗತ್ತಿನ ಎಲ್ಲ ಕಚೇರಿಗಳನ್ನೂ ಹೊಕ್ಕಿರುವದು.

ಅದು ನಮ್ಮ ಸುರೇಬಾನದ ಒಂದು ಮನೆಯನ್ನು ಹೊಕ್ಕ ಬಗೆಯನ್ನು ಇನ್ನು ಹೇಳುವೆವು. ನಮ್ಮ ನೆರೆಯ ಗೃಹಸ್ಥರಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯಳು ಶಿಕ್ಷಕಿಯಾಗಲು ಓದುತ್ತಿರುವಳು. ಕಿರಿಯಳು ಹತ್ತನೆಯ ತರಗತಿಯ ಪರೀಕ್ಷೆಯನ್ನು ಕೊಟ್ಟು ಫಲಿತಾಂಶದ ಹಾದಿ ಕಾಯುತ್ತಿದ್ದಳು. ಹಿರಿಯಳು ಊರ ಹೆಣ್ಣುಮಕ್ಕಳ ಸಭೆಯಲ್ಲಿ ಸ್ತ್ರೀಶಿಕ್ಷಣವನ್ನು ಕುರಿತು ಮಾತನಾಡಬೇಕಾಗಿದ್ದಿತು. ಅದಕ್ಕೆಂದು ಅವಳು ಜನಗಣತಿಯ ಅಂಕಿಗಳನ್ನು ತೆಗೆದುಕೊಂಡಿದ್ದಳು. ಕರ್ನಾಟಕದಲ್ಲಿ ಏಳು ವರ್ಷಕ್ಕೆ ಮೇಲ್ಪಟ್ಟ ನೂರು ಮಂದಿ ಸ್ತ್ರೀಯರಲ್ಲಿ ಅಕ್ಷರ ಬಲ್ಲವರು 1991ರಲ್ಲಿ ಸುಮಾರು 44, 2001ರಲ್ಲಿ 57, 2011ರಲ್ಲಿ 68. ಹೀಗೆ ಮೂರೇ ಅಂಕಿಗಳು, ಮೂರೇ ಕಂಬಗಳು.

ಅವಳು ನಮ್ಮ ಮುಂದೆ ಕುಳಿತು ಮಾಡಿ ತೋರಿಸಿದ ಕ್ರಮವನ್ನು ವಾಚಕರು ಗಮನಿಸಬೇಕು. ಪವರ್‌ಪಾಯಿಂಟ್ ತೆರೆದು, ಮೇಲಿನ ಸಾಲಿನಲ್ಲಿಯ ‘ಇನ್ಸರ್ಟ್’ ಎಂಬುದನ್ನು ಒತ್ತಿ, ಅಲ್ಲಿ ‘ಚಾರ್ಟ್’ ಎಂಬುದನ್ನು ಆರಿಸಬೇಕು. ನಿಂತ ಕಂಬಗಳು ಬೇಕಾದರೆ ‘ಕಾಲಮ್’, ಮಲಗಿದ ಪಟ್ಟಿಗಳು ಬೇಕಾದರೆ ‘ಬಾರ್’. ಊರುಗಳ ಹೆಸರಿನಂಥ ಉದ್ದನೆಯ ಮಾತುಗಳಿದ್ದಲ್ಲಿ ಮಲಗಿದ ಪಟ್ಟಿಯೇ ಲೇಸು. ಹೆಸರುಗಳು ಒಂದರ ಮೇಲೊಂದು ಬೀಳುವದಿಲ್ಲ. ಆರಿಸಿದ ಕೂಡಲೆ ಸ್ಲೈಡಿನ ಮೇಲೆ ಯಾರದೋ ಕಂಬಗಳು ನಿಲ್ಲುವವು. ಪಕ್ಕದಲ್ಲಿ ಒಂದು ಸಣ್ಣ ಕೋಷ್ಟಕವು ತೆರೆಯುವದು. ಇದನ್ನು ಕಂಡು ಗಾಬರಿಯಾಗಬಾರದು. ಅದು ಯಂತ್ರವು ತಾನಾಗಿ ತುಂಬಿದ ಮಾದರಿಯ ಲೆಕ್ಕ. ಮೊದಲನೆಯ ಕಂಬಸಾಲಿನಲ್ಲಿ ವರ್ಷಗಳನ್ನೂ ಎರಡನೆಯದರಲ್ಲಿ ನಮ್ಮ ಅಂಕಿಗಳನ್ನೂ ಬರೆದು, ಮಿಕ್ಕುದೆಲ್ಲವನ್ನೂ ಅಳಿಸಿ, ಅಂಚಿನ ಮೂಲೆಯನ್ನು ನಮ್ಮ ಲೆಕ್ಕದ ಅಳತೆಗೆ ಎಳೆದುಕೊಂಡರೆ ನಮ್ಮವೇ ಕಂಬಗಳು ಏಳುವವು. ಹಣ ಕೊಡದೆ ದೊರೆಯುವ ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲಿಯೂ ಕ್ರಮವು ಬಹುಮಟ್ಟಿಗೆ ಇದೇ.

ಆದರೆ ಹುಡುಗಿಯು ಇಷ್ಟಕ್ಕೆ ತೃಪ್ತಳಾಗಲಿಲ್ಲ. ವ್ಯತ್ಯಾಸವು ಎದ್ದು ಕಾಣಲೆಂದು ಅವಳು ಅಳತೆಯ ಗೆರೆಯನ್ನು ಸೊನ್ನೆಯ ಬದಲು 40ರಿಂದ ಆರಂಭಿಸಿ 70ಕ್ಕೆ ಮುಗಿಸಿದ್ದಳು. ನೋಡಲು ಅದು ಅಂದವಾಗಿಯೇ ಇದ್ದಿತು. ಮೊದಲ ಕಂಬವು ನೆಲದಿಂದ ಅಂಗುಲವೂ ಎದ್ದಿರಲಿಲ್ಲ. ಕೊನೆಯದು ಮಾಳಿಗೆಯನ್ನು ಮುಟ್ಟುವಂತಿದ್ದಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವಳ ತಂದೆಯವರು ತಲೆದೂಗಿ, “ಹಂಗಾರ ಹೆಣ್ಣಮಕ್ಕಳ ಸಾಲಿ ಕೆಲಸ ಮುಗದಂಗ ಆತಲ್ಲರಿ ಮಾಸ್ತರ. ಇನ್ನ ಸಣ್ಣಾಕಿ ಹತ್ತನೇತ್ತ ಕಲತಾಳ, ಸಾಕಲ್ರಿ,” ಎಂದರು. ಕಿರಿಯಳು ಒಳಗೆ ಕೇಳುತ್ತಿದ್ದಳು. ಹಿರಿಯಳ ಮುಖವು ಬಾಡಿತು. ಯಾವ ಮಾತನ್ನು ಸ್ಥಾಪಿಸಲು ಅವಳು ಕಂಬಗಳನ್ನು ನಿಲ್ಲಿಸಿದ್ದಳೋ ಅದಕ್ಕೆ ವಿರುದ್ಧವಾದ ಸಾಕ್ಷ್ಯವನ್ನೇ ಅವು ನುಡಿದಿದ್ದವು.

ದೋಷವು ಎಲ್ಲಿದ್ದಿತು? ಅಂಕಿಯೊಂದೂ ತಪ್ಪಿರಲಿಲ್ಲ. ಹಿತ್ತಲ ಗೋಡೆಯ ಆಚೆಗೆ ಇಬ್ಬರು ಹುಡುಗರು ನಿಂತಿರುವರೆಂದು ಭಾವಿಸಿರಿ. ಗೋಡೆಯ ಮೇಲೆ ಒಬ್ಬನ ಜುಟ್ಟು ಮಾತ್ರ ಕಾಣುವದು, ಇನ್ನೊಬ್ಬನ ಎದೆಯವರೆಗೆ ಕಾಣುವದು. ಕಂಡಷ್ಟನ್ನೇ ಅಳೆದು, ಇವನು ಅವನಿಗಿಂತ ಏಳು ಮಡಿ ಎತ್ತರ ಎಂದರೆ ನಗೆಗೀಡಾಗುವೆವಲ್ಲವೆ? 40ರಲ್ಲಿ ಕತ್ತರಿಸಿದ ಚಿತ್ರದಲ್ಲಿ 44ಕ್ಕೆ ಉಳಿಯುವದು ನಾಲ್ಕು, 68ಕ್ಕೆ ಉಳಿಯುವದು ಇಪ್ಪತ್ತೆಂಟು: ಏಳು ಮಡಿ. ಯಥಾರ್ಥವಾಗಿ ನೋಡಿದರೆ ಬೆಳೆದದ್ದು ಒಂದೂವರೆ ಮಡಿ. ಗೆರೆಯ ಚಿತ್ರದಲ್ಲಿ ಕಣ್ಣು ಏರಿಳಿತವನ್ನು ನೋಡುವದು. ಕಂಬದ ಚಿತ್ರದಲ್ಲಿ ಮಾತ್ರ ಉದ್ದವನ್ನೇ ನೋಡುವದು. ಆದುದರಿಂದ ಕಂಬದ ಬುಡವು ಸೊನ್ನೆಯಲ್ಲಿಯೇ ಊರಿರಬೇಕು. ಅಂಕಿಗಳು ಒಂದಕ್ಕೊಂದು ತೀರ ಸಮೀಪವಾಗಿದ್ದಾಗ ಯಂತ್ರವು ತಾನಾಗಿಯೇ ಬುಡವನ್ನು ಕತ್ತರಿಸುವದುಂಟು. ನಾವು ಮಾಡದಿದ್ದರೂ ದೋಷವು ನುಸುಳಬಹುದು.

ನಾವು ಹುಡುಗಿಗೆ ತಿದ್ದುವ ಬಗೆಯನ್ನು ಹೇಳಿದೆವು. ಎಡಗಡೆಯ ಅಳತೆಯ ಅಂಕಿಗಳ ಮೇಲೆ ಬಲಗುಂಡಿಯನ್ನು ಒತ್ತಿ ‘ಫಾರ್ಮ್ಯಾಟ್ ಆಕ್ಸಿಸ್’ ಎಂಬುದನ್ನು ತೆರೆದು, ‘ಮಿನಿಮಮ್’ ಎಂಬಲ್ಲಿ 0, ‘ಮ್ಯಾಕ್ಸಿಮಮ್’ ಎಂಬಲ್ಲಿ 100 ಬರೆಯುವದು. ಶೇಕಡಾ ಲೆಕ್ಕಕ್ಕೆ ನೂರೇ ಮಾಳಿಗೆ. ಆಮೇಲೆ ‘ಡೇಟಾ ಲೇಬಲ್’ಗಳಿಂದ ಪ್ರತಿ ಕಂಬದ ತಲೆಯ ಮೇಲೆ ಅದರ ಅಂಕಿಯನ್ನು ಬರೆಯಿಸಿ, ಹಿಂದಿನ ಅಡ್ಡಗೆರೆಗಳನ್ನು ತೆಗೆದು, ಮೂರು ಕಂಬಗಳಿಗೂ ಒಂದೇ ಬಣ್ಣವನ್ನು ಕೊಡುವದು. ದಪ್ಪವಿರುವಂತೆ ತೋರುವ ‘ತ್ರೀಡಿ’ ಕಂಬಗಳ ತಲೆಯು ಎಲ್ಲಿ ಮುಗಿಯಿತೆಂಬುದೇ ತಿಳಿಯದಾದುದರಿಂದ ಅವನ್ನು ವರ್ಜಿಸುವದು. ಕನ್ನಡವನ್ನು ಯೂನಿಕೋಡ್ ಅಕ್ಷರಗಳಲ್ಲಿಯೇ ಬರೆಯುವದು. ಇಲ್ಲವಾದರೆ ಸಭೆಯ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮೂಡಿ ಮಾನಹಾನಿಯಾದೀತು.

ಹೊಸ ಚಿತ್ರವು ಮೂಡಿತು. ಕಂಬಗಳು ಸಾವಕಾಶವಾಗಿ ಏರಿದ್ದವು. ಕೊನೆಯದರ ಮೇಲೆಯೂ ಮೂರರಲ್ಲೊಂದು ಪಾಲಿನಷ್ಟು ಬರಿದು ಸ್ಥಳವಿದ್ದಿತು. ಜೋಳ ಹಸನು ಮಾಡುತ್ತಿದ್ದ ಅಜ್ಜಿಯು ಮೊರವನ್ನು ಬದಿಗಿಟ್ಟು ಹತ್ತಿರ ಬಂದಳು. “ಇದರಾಗ ನಾ ಎಲ್ಲಿ ಅದೀನಿ, ತೋರಸವಾ,” ಎಂದಳು. ಮೊಮ್ಮಗಳು ತುಸು ಹೊತ್ತು ಸುಮ್ಮನಿದ್ದು, ಕೊನೆಯ ಕಂಬದ ಮೇಲಿನ ಬರಿದು ಸ್ಥಳದಲ್ಲಿ ಬೆರಳಿಟ್ಟು, “ಇಲ್ಲಿ ನೋಡಬೇ, ಆಯಿ,” ಎಂದಳು. ಮೊದಲಿನ ಚಿತ್ರದಲ್ಲಿ ಆ ಸ್ಥಳವೇ ಇರಲಿಲ್ಲ. ತಂದೆಯವರು ಏನೂ ಆಡಲಿಲ್ಲ. ಸ್ವಲ್ಪ ಸಮಯದ ನಂತರ, ರಾಮದುರ್ಗದಲ್ಲಿ ಕಾಲೇಜಿನ ಅರ್ಜಿಗಳನ್ನು ಯಾವಾಗ ಕೊಡುವರೆಂದು ನಮ್ಮನ್ನು ಕೇಳಿದರು.

ಸತ್ಯವಾದ ಚಿತ್ರವು ನಿರಾಶೆಯನ್ನೇ ತರುವದೆಂದು ತಿಳಿಯಬಾರದು. ಅದೇ ಜನಗಣತಿಗಳಿಂದ ಪುರುಷರ ಅಂಕಿಗಳನ್ನೂ ಪಕ್ಕದಲ್ಲಿ ನಿಲ್ಲಿಸಿದೆವು: 1991ರಲ್ಲಿ 67, 2011ರಲ್ಲಿ 82. ಸ್ತ್ರೀಪುರುಷರ ನಡುವಣ ಅಂತರವು 23ರಿಂದ 14ಕ್ಕೆ ಇಳಿದುದು ಕಣ್ಣಿಗೆ ಕಂಡಿತು. ಸಂತೋಷಕ್ಕೂ ಕಾರಣವಿದೆ, ಕೆಲಸವೂ ಉಳಿದಿದೆ. ಎರಡನ್ನೂ ಒಂದೇ ಪುಟವು ಹೇಳಿತು. ಇವು ಆಯಾ ವರ್ಷದ ಅಂಕಿಗಳೆಂದು ಕೆಳಗೆ ಬರೆಯಲು ಮರೆಯಬಾರದು.

ಸಂಸ್ಕೃತದಲ್ಲಿ ಸ್ಥೂಣಾನಿಖನನ ನ್ಯಾಯವೆಂದು ಒಂದುಂಟು. ಕಂಬವನ್ನು ನೆಡುವವನು ಅದನ್ನು ಮತ್ತೆ ಮತ್ತೆ ಅಲುಗಾಡಿಸಿ, ಬುಡವು ಗಟ್ಟಿಯಾಗಿ ಊರಿತೆಂದು ನಿಶ್ಚಯವಾದ ಮೇಲೆಯೇ ಕೈ ಬಿಡುವನು. ನಮ್ಮ ವಾಚಕರ ಮನೆಯ ಮಕ್ಕಳು ಸ್ಲೈಡಿನಲ್ಲಿ ಕಂಬಗಳನ್ನು ನಿಲ್ಲಿಸಿದಾಗ ಹಿರಿಯರು ಬಣ್ಣವನ್ನು ಹೊಗಳುವ ಮೊದಲು, “ಬುಡ ಎಲ್ಲಿಂದ ಹಿಡಿದಿರುವೆ, ಮಗೂ?” ಎಂದು ಕೇಳಲಿ. ಇಷ್ಟನ್ನು ಕೇಳಲು ಗಣಕಯಂತ್ರದ ಜ್ಞಾನವು ಬೇಕಾಗುವದಿಲ್ಲ.