ಜಗಲಿಯ ಹತ್ತು ನಿಮಿಷವೂ ವ್ಯಾಯಾಮವೇ

ದೀರ್ಘಕಾಲದ ಕಾಯಿಲೆಯವರು ವ್ಯಾಯಾಮ ಬಿಡುವುದು ಸೋಮಾರಿತನದಿಂದ, ಮನಸ್ಸು ಮಾಡಿದರೆ ದಿನಕ್ಕೊಂದು ಗಂಟೆ ಯಾರು ಬೇಕಾದರೂ ನಡೆಯಬಹುದು ಎಂಬುದು ಕಳೆದ ವಾರ ಬಂದ ಲೇಖನವೊಂದರ ವಾದ. ನಡಿಗೆ ಒಳ್ಳೆಯದು, ಒಪ್ಪುತ್ತೇನೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯ ಮಳೆಯಲ್ಲಿ ನಡೆಯುವುದೆಲ್ಲಿ? ಪಾಚಿ ಕಟ್ಟಿದ ಏರುದಾರಿಯಲ್ಲಿ ಸಂಧಿವಾತದ ಕಾಲು ಜಾರಿದರೆ ಮನೋಬಲ ಬಂದು ಹಿಡಿದುಕೊಳ್ಳುವುದಿಲ್ಲ.

ನನ್ನ ಅಮ್ಮನಿಗೆ ಸಕ್ಕರೆ ಕಾಯಿಲೆ, ಜೊತೆಗೆ ಮಂಡಿನೋವು. ಮಳೆಗಾಲದಲ್ಲಿ ಊಟವಾದ ಮೇಲೆ ಜಗಲಿಯ ಕಂಬದಿಂದ ಕಂಬಕ್ಕೆ ಹತ್ತು ನಿಮಿಷ ನಡೆಯುತ್ತಾರೆ. ನೋವು ಹೆಚ್ಚಿದ ದಿನ ಕುರ್ಚಿಯಲ್ಲೇ ಕಾಲು ನೀಡಿ ಮಡಚುತ್ತಾರೆ. ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಅದಕ್ಕೆ ರಸ್ತೆಯೇ ಬೇಕೆಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ. ಅಷ್ಟಾಗದವರು ಆದಷ್ಟು ಮಾಡಲಿ ಎಂದೂ ಅದು ಹೇಳುತ್ತದೆ.

ಆ ಲೇಖನ ಓದಿದ ಸಂಜೆ ಅಮ್ಮ ನಡೆಯಲಿಲ್ಲ.