‘ತಲೆಬಿಸಿ ಮಾಡ್ಬೇಡಿ’ ಅನ್ನುವವರಿಗೆ

‘ತಲೆಬಿಸಿ ಮಾಡ್ಬೇಡಿ, ಕಾಪು ಬೀಚಿಗೆ ಹೋಗಿ ಕೂತ್ಕೊಳ್ಳಿ’ ಅನ್ನುವುದು ನಮ್ಮ ಉಡುಪಿಯಲ್ಲಿ ಧರ್ಮಕ್ಕೆ ಸಿಗುವ ಔಷಧ. ಕಡಲು ನನಗೂ ಇಷ್ಟ ಮಾರಾಯ್ರೇ. ಆದ್ರೆ ಅಲ್ಲಿನ 1901ರ ದೀಪಸ್ತಂಭ ದೋಣಿಗೆ ದಾರಿ ತೋರಿಸ್ತದೆ, ನನ್ನ ಸಾಲದ ಕಂತು ಕಟ್ಟುವುದಿಲ್ಲ.

ರಾತ್ರಿ ಹನ್ನೊಂದಕ್ಕೆ ಆಫೀಸಿನ ಕೆಲಸ ವಾಟ್ಸಾಪ್ ಮಾಡುವವರೇ ಬೆಳಿಗ್ಗೆ ಪ್ರಾಣಾಯಾಮದ ವಿಡಿಯೋ ಕಳಿಸ್ತಾರೆ! ನಿಧಾನ ಉಸಿರು ಬಿಟ್ಟರೆ ಎದೆಬಡಿತ ಇಳಿಯುತ್ತದೆ, ನಿಜ. ಬಡಿತ ಏರಿಸಿದ ಕಾರಣ ಹಾಗೇ ಉಂಟಲ್ಲ?

ವಾರಗಟ್ಟಲೆ ನಿದ್ದೆ ಬಾರದವರಿಗೆ ಬೇಕಾದ್ದು ಉಪದೇಶವಲ್ಲ, ವೈದ್ಯರು. ಕೂಡಲೇ ಮಾತಾಡಬೇಕೆಂದರೆ ಟೆಲಿ ಮಾನಸ್‌ನ 14416 ಉಂಟು: ಉಚಿತ, 24 ಗಂಟೆ, ಕನ್ನಡದಲ್ಲೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಹಕ್ಕು ಅಂದಿದೆ, ನಾಚಿಕೆ ಯಾಕೆ?

ಶಾಂತಿ ಬೋಧಿಸುವ ದೊಡ್ಡವರು ಮೊದಲು ಆ ಹನ್ನೊಂದು ಗಂಟೆಯ ಮೆಸೇಜು ನಿಲ್ಲಿಸಲಿ.