ಮಾಲೆ ಹಾಕಿದಾಗ ಬಿಟ್ಟವನು ಆಮೇಲೆ ಯಾಕೆ ಕುಡಿಯುತ್ತಾನೆ?

ಕುಡಿತಕ್ಕೆ, ಮಾದಕ ವಸ್ತುಗಳ ಚಟಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲೇ ಚಿಕಿತ್ಸೆ ಸಿಗಬೇಕು, ಅದಕ್ಕೆ ಹಾಸಿಗೆ, ಔಷಧಿ, ಕಲಿತ ಸಿಬ್ಬಂದಿ ಬೇಕು ಎಂದು ಕೇಳಿದಾಗಲೆಲ್ಲ ಎದುರಾಗುವ ಆಕ್ಷೇಪಗಳು ಹೆಚ್ಚುಕಡಿಮೆ ಅವೇ. ಆಕ್ಷೇಪಿಸುವವರು ಕೆಟ್ಟವರಲ್ಲ. ಊರಿನ ಹಿರಿಯರು, ಮೇಷ್ಟ್ರುಗಳು, ಕುಡಿತದಿಂದ ಹಾಳಾದ ಮನೆಗಳನ್ನು ಕಂಡು ನೊಂದವರು. ಆದರೆ ಅವರ ಕೆಲವು ಮಾತುಗಳನ್ನು ನಂಬಿ ನಡೆದರೆ ಜೀವ ಹೋಗುತ್ತದೆ. ಹಾಗಾಗಿ ಸುಮ್ಮನಿರುವಂತಿಲ್ಲ.

ಅವರ ಮೊದಲ ಮಾತು ಇದು: "ಅಯ್ಯಪ್ಪನ ಮಾಲೆ ಹಾಕಿದಾಗ ಒಂದು ಮಂಡಲ ಪೂರ್ತಿ ಒಂದು ಹನಿ ಮುಟ್ಟಲ್ಲ. ಶಬರಿಮಲೆಯಿಂದ ಬಂದ ಮಾರನೇ ದಿನ ಬಾರಿನಲ್ಲಿರ್ತಾನೆ. ಇದು ಕಾಯಿಲೆಯಾಗಿದ್ರೆ ಅಷ್ಟು ದಿನ ಬಿಡೋಕೆ ಆಗ್ತಿತ್ತಾ? ಮನಸ್ಸಿಲ್ಲ ಅಷ್ಟೇ."

ಇದು ಬಲವಾದ ವಾದ. ಮಾಲೆ ಹಾಕಿದವರು ಬಿಡುವುದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಅವರು ಏನೇನು ಬಿಟ್ಟಿರುತ್ತಾರೆ ನೋಡಿ. ಬಾಟಲಿಯ ಜೊತೆಗೆ ಸಂಜೆಯ ಗೆಳೆಯರು, ಆ ರಸ್ತೆ, ಆ ಬಟ್ಟೆ, ಆ ದಿನಚರಿ ಎಲ್ಲವೂ ಬದಲಾಗಿರುತ್ತವೆ. ಕಂಡವರೆಲ್ಲ 'ಸ್ವಾಮಿ' ಎನ್ನುತ್ತಾರೆ, ಯಾರೂ ಗ್ಲಾಸು ಮುಂದೆ ಹಿಡಿಯುವುದಿಲ್ಲ. ಇದನ್ನೇ ಬಹು ದೊಡ್ಡ ಪ್ರಮಾಣದಲ್ಲಿ ಅಮೆರಿಕದ ಸಂಶೋಧಕಿ ಲೀ ರಾಬಿನ್ಸ್ ವಿಯೆಟ್ನಾಂ ಯುದ್ಧದ ಸೈನಿಕರಲ್ಲಿ ಕಂಡರು. 1971ರಲ್ಲಿ ಅಲ್ಲಿಂದ ಮರಳಿದವರಲ್ಲಿ ಸುಮಾರು ಐದರಲ್ಲೊಬ್ಬರು ಅಲ್ಲಿದ್ದಾಗ ಹೆರಾಯಿನ್‌ನಂಥ ಮಾದಕಗಳಿಗೆ ಅಂಟಿಕೊಂಡಿದ್ದವರು. ಊರಿಗೆ ಬಂದ ಮೊದಲ ವರ್ಷದಲ್ಲಿ ಅವರಲ್ಲಿ ಮತ್ತೆ ಅದೇ ಸ್ಥಿತಿಗೆ ಬಿದ್ದವರು ನೂರಕ್ಕೆ ಐದರಷ್ಟು ಮಾತ್ರ. ಇಚ್ಛಾಶಕ್ತಿಯ ವಾದಿಗಳು ಈ ಅಧ್ಯಯನವನ್ನು ತಮ್ಮ ಸಾಕ್ಷಿಯೆಂದು ತೋರಿಸುವುದುಂಟು. ಆದರೆ ಊರಿಗೆ ಬಂದವರ ಮನೋಬಲವೇನೂ ದಿಢೀರನೆ ಹೆಚ್ಚಿರಲಿಲ್ಲ. ಬದಲಾಗಿದ್ದು ಜಾಗ, ಜೊತೆಗಾರರು, ಹೆರಾಯಿನ್ ಕೈಗೆ ಸಿಗುವ ಸುಲಭ.

ಮಿದುಳಿನಲ್ಲಿ ಇದಕ್ಕೆ ಕಾರಣವಿದೆ. 1954ರಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮಿದುಳಿನ ಆಳದಲ್ಲಿ ತಂತಿ ಇಟ್ಟು, ಸನ್ನೆಯೊಂದನ್ನು ಒತ್ತಿದರೆ ಅಲ್ಲಿಗೆ ವಿದ್ಯುತ್ ಹರಿಯುವಂತೆ ಮಾಡಿದರು. ಇಲಿಗಳು ಒತ್ತುತ್ತಲೇ ಹೋದವು. ಊಟ, ನೀರು, ಮರಿಗಳು ಇವುಗಳ ಕಡೆಗೆ ಪ್ರಾಣಿಯನ್ನು ಎಳೆಯುವ ವ್ಯವಸ್ಥೆ ಅದು, ಡೋಪಮಿನ್ ಎಂಬ ರಾಸಾಯನಿಕದಿಂದ ನಡೆಯುವಂಥದ್ದು. ಅಂಟಿಕೊಳ್ಳುವ ಮಾದಕಗಳೆಲ್ಲ ಬೇರೆ ಬೇರೆ ದಾರಿಯಿಂದ ಬಂದು ಕೊನೆಗೆ ಈ ವ್ಯವಸ್ಥೆಯನ್ನೇ ಕೆಣಕುತ್ತವೆ. ಜೊತೆಗೆ ಸಿಕ್ಕ ಜಾಗ, ವಾಸನೆ, ಮುಖ, ಹೊತ್ತು ಎಲ್ಲವನ್ನೂ ಮಿದುಳು ಗುರುತು ಹಾಕಿಕೊಳ್ಳುತ್ತದೆ. ಮಾಲೆ ತೆಗೆದವನು ಮಾರನೇ ಸಂಜೆ ಅದೇ ತಿರುವಿನಲ್ಲಿ ನಿಂತಾಗ ಆ ಗುರುತುಗಳೆಲ್ಲ ಒಟ್ಟಿಗೆ ಎಚ್ಚರಗೊಳ್ಳುತ್ತವೆ. ಬಿಡುವುದು ಒಂದು ಕೆಲಸ, ಬಿಟ್ಟೇ ಇರುವುದು ಇನ್ನೊಂದು ಕೆಲಸ. ಎರಡನೆಯದಕ್ಕೆ ವ್ರತದ ದಿನಗಳಲ್ಲಿ ಸಿಕ್ಕಷ್ಟೇ ಬೆಂಬಲ ತಿಂಗಳುಗಟ್ಟಲೆ ಬೇಕು.

ಮೆಥ್‌ನಂಥ ಉತ್ತೇಜಕಗಳನ್ನು ಬಳಸಿದವರ ಮಿದುಳಿನ ಚಿತ್ರ ತೆಗೆದ ನೋರಾ ವೋಲ್ಕೊವ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ್ದು ಇಲ್ಲಿ ಮುಖ್ಯ. ಬತ್ತಿಹೋಗಿದ್ದ ಡೋಪಮಿನ್ ಸಾಗಣೆಯ ಅಣುಗಳು ಚೇತರಿಸಿಕೊಂಡಿದ್ದು ಒಂದು ವರ್ಷ, ಅದಕ್ಕೂ ಹೆಚ್ಚು ಕಾಲ ಬಿಟ್ಟವರಲ್ಲಿ. ಮಿದುಳು ಸರಿಯಾಗುತ್ತದೆ, ನಿಜ. ಒಂದು ಮಂಡಲದಲ್ಲಿ ಆಗುವುದಿಲ್ಲ.

ಎರಡನೇ ಆಕ್ಷೇಪ ಬರೀ ತಪ್ಪಲ್ಲ, ಅಪಾಯಕಾರಿ. "ಯಾವ ಅಮಲಾದರೇನು, ಎಲ್ಲ ಒಂದೇ. ನಾಲ್ಕು ದಿನ ರೂಮಿನಲ್ಲಿ ಕೂಡಿಹಾಕಿ, ಒದ್ದಾಡಿ ಸುಮ್ಮನಾಗ್ತಾನೆ."

ಎಲ್ಲ ಒಂದೇ ಅಲ್ಲ. ಕೂಡಿಹಾಕುವ ಮುಂಚೆ ಅವನು ಏನು ಸೇವಿಸುತ್ತಿದ್ದ ಎಂದು ಕೇಳಲೇಬೇಕು.

ಮದ್ಯವಾದರೆ, ಆ ನಾಲ್ಕು ದಿನಗಳೇ ಸಾಯುವ ದಿನಗಳು. ಮದ್ಯ ಮಿದುಳಿನಲ್ಲಿ ನರಗಳನ್ನು ಶಾಂತಗೊಳಿಸುವ ಗಾಬಾ ವ್ಯವಸ್ಥೆಗೆ ಬಲ ಕೊಡುತ್ತದೆ, ಕೆರಳಿಸುವ ಗ್ಲುಟಮೇಟ್ ವ್ಯವಸ್ಥೆಯನ್ನು ಅದುಮುತ್ತದೆ. ವರ್ಷಗಟ್ಟಲೆ ದಿನವೂ ಕುಡಿದರೆ ಮಿದುಳು ಅದಕ್ಕೆ ವಿರುದ್ಧವಾಗಿ ಕೆರಳುವ ಕಡೆಯನ್ನು ಹೆಚ್ಚಿಸಿಕೊಂಡು ಸಮತೋಲ ಕಾಯುತ್ತದೆ. ಬ್ರೇಕ್ ಒತ್ತಿಕೊಂಡೇ ಆಕ್ಸಿಲರೇಟರ್ ತುಳಿದು ಓಡಿಸುವ ಲಾರಿಯ ಸ್ಥಿತಿ ಅದು; ಬ್ರೇಕಿನಿಂದ ಕಾಲು ತೆಗೆದರೆ ಲಾರಿ ಹಾರುತ್ತದೆ. ನಿಲ್ಲಿಸಿದ ಆರೇಳು ಗಂಟೆಗೆ ಕೈ ನಡುಕ, ಬೆವರು, ಎದೆಬಡಿತ. ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಸನ್ನಿ: ಇಲ್ಲದ ಹುಳ ಹಾವುಗಳು ಕಾಣುವುದು, ಗೋಡೆಯ ಜೊತೆ ಮಾತು, ಜ್ವರ, ಏರಿದ ರಕ್ತದೊತ್ತಡ. ಇದನ್ನು ದೆವ್ವ ಹಿಡಿದಿದೆ ಎಂದುಕೊಂಡು ದರ್ಗಾಕ್ಕೋ ದೇವಸ್ಥಾನಕ್ಕೋ ಕರೆದೊಯ್ಯುವ ಮನೆಯವರನ್ನು ದೂರಲಾರೆ, ಯಾರೂ ಅವರಿಗೆ ಹೇಳಿಲ್ಲ. ಸರಿಯಾದ ಔಷಧಿಗಳು ಬರುವ ಮುಂಚೆ ಸನ್ನಿಗೆ ಸಿಕ್ಕವರಲ್ಲಿ ಮೂರನೇ ಒಂದು ಪಾಲಿನವರೆಗೂ ಸಾಯುತ್ತಿದ್ದರು. ಡಯಾಜೆಪಾಮ್, ಲೋರಾಜೆಪಾಮ್‌ನಂಥ ಅಗ್ಗದ ಔಷಧಿಗಳನ್ನು ವೈದ್ಯರ ಕಣ್ಣೆದುರು ಕೊಟ್ಟು ನಿಧಾನವಾಗಿ ಇಳಿಸಿದರೆ ಇವತ್ತು ಬಹುತೇಕ ಎಲ್ಲರೂ ಬದುಕುತ್ತಾರೆ. ಜೊತೆಗೆ ಥಯಮಿನ್, ಅಂದರೆ ಬಿ1 ಜೀವಸತ್ವದ ಇಂಜೆಕ್ಷನ್. ಊಟ ಬಿಟ್ಟು ಕುಡಿದವನಿಗೆ ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಹಾನಿಯಾಗಿ, ನೆನಪೇ ಅಳಿಸಿಹೋಗುವ ಸ್ಥಿತಿ ಬರಬಹುದು. 'ಒಂದು ಗ್ಲೂಕೋಸ್ ಹಾಕಿಸಿ ಸಾಕು' ಎನ್ನುವವರು ಇದನ್ನು ನೆನಪಿಡಬೇಕು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಮದ್ಯದಂಗಡಿಗಳೆಲ್ಲ ಒಂದೇ ದಿನ ಮುಚ್ಚಿದಾಗ ಇಡೀ ರಾಜ್ಯವೇ ಕೂಡಿಹಾಕಿದ ರೂಮಾಯಿತು. ಫಿಟ್ಸ್, ಸನ್ನಿಯಿಂದ ಬೆಂಗಳೂರಿನ ಆಸ್ಪತ್ರೆಗಳಿಗೆ ಬರುವವರು ಹೆಚ್ಚಾಗಿದ್ದನ್ನು ಆಗ ನಿಮ್ಹಾನ್ಸ್ ವೈದ್ಯರು ದಾಖಲಿಸಿದ್ದಾರೆ. ಮಾಲೆ ಹಾಕುವವರಿಗೂ ಇದೇ ಕಾರಣಕ್ಕೆ ಹೇಳುತ್ತೇನೆ: ಬೆಳಗ್ಗೆ ಎದ್ದ ಕೂಡಲೇ ಕೈ ನಡುಗುವವರಾದರೆ ಗುರುಸ್ವಾಮಿಯನ್ನು ಕಾಣುವ ಮುಂಚೆ ವೈದ್ಯರನ್ನು ಕಾಣಿ.

ಹೆರಾಯಿನ್ ಅಥವಾ ಟ್ರಮಡಾಲ್, ಟ್ಯಾಪೆಂಟಡಾಲ್‌ನಂಥ ನೋವಿನ ಮಾತ್ರೆಗಳಾದರೆ ಕಥೆ ತಲೆಕೆಳಗು. ಇವು ಅಫೀಮಿನ ಬಳಗದಂತೆ ಕೆಲಸ ಮಾಡುವಂಥವು. ನಮ್ಮ ದೇಹವೇ ನೋವು ತಣಿಸಲು ತಯಾರಿಸುವ ಎಂಡಾರ್ಫಿನ್‌ಗಳಿಗಾಗಿ ಇರುವ ಗ್ರಾಹಕಗಳಿಗೆ ಹೋಗಿ ಕೂರುತ್ತವೆ. ಬಿಟ್ಟಾಗ ಮೂಗು ಕಣ್ಣು ಸೋರುತ್ತವೆ, ಆಕಳಿಕೆ, ಮೈಯೆಲ್ಲ ಮುಳ್ಳು, ಹೊಟ್ಟೆ ಹಿಂಡಿ ಭೇದಿ, ಮೂಳೆ ಮುರಿದಂಥ ನೋವು. ನರಕವೇ, ಆದರೆ ಆರೋಗ್ಯವಂತನೊಬ್ಬ ಇದರಿಂದ ಸಾಯುವುದು ಅಪರೂಪ. ಸಾವು ಬರುವುದು ಆಮೇಲೆ. ಕೂಡಿಹಾಕಿದ ವಾರಗಳಲ್ಲಿ ದೇಹ ಒಗ್ಗಿಕೊಂಡಿದ್ದನ್ನು ಮರೆತಿರುತ್ತದೆ. ಹೊರಬಂದವನು ಹಳೆಯ ಅಳತೆಯನ್ನೇ ತೆಗೆದುಕೊಳ್ಳುತ್ತಾನೆ. ಅಫೀಮಿನ ಗ್ರಾಹಕಗಳು ಉಸಿರಾಟ ನಡೆಸುವ ಮಿದುಳುಕಾಂಡದಲ್ಲೂ ಇವೆ. ಉಸಿರು ನಿಧಾನವಾಗುತ್ತದೆ, ನಿಲ್ಲುತ್ತದೆ. ಜೈಲಿನಿಂದ, ಬರೀ ಕೂಡಿಹಾಕುವ ಕೇಂದ್ರಗಳಿಂದ ಹೊರಬಂದ ಮೊದಲ ವಾರಗಳು ಇಂಥವರಿಗೆ ಅತ್ಯಂತ ಅಪಾಯದ ಕಾಲ ಎಂಬುದು ಹಲವು ದೇಶಗಳಲ್ಲಿ ಸಾಬೀತಾಗಿದೆ.

ಕೊಕೇನ್, ಮೆಥ್, ಎಂಡಿಎಂಎ ಬಳಸಿ ಬಿಟ್ಟವನು ಒದ್ದಾಡುವುದೇ ಇಲ್ಲ. ದಿನಗಟ್ಟಲೆ ನಿದ್ದೆ ಮಾಡುತ್ತಾನೆ, ಮಂಕಾಗುತ್ತಾನೆ. ಸುಮ್ಮನಾದ ಎಂದು ಮನೆಯವರು ಸಮಾಧಾನಪಡುವ ಹೊತ್ತಿಗೆ ಅವನ ತಲೆಯಲ್ಲಿ ಆತ್ಮಹತ್ಯೆಯ ಯೋಚನೆ ಓಡುತ್ತಿರಬಹುದು. ಇವು ಬಳಕೆಯ ಹೊತ್ತಿನಲ್ಲಿ ಹೃದಯದ ರಕ್ತನಾಳಗಳನ್ನು ಬಿಗಿದು ಇಪ್ಪತ್ತೈದರ ಹುಡುಗನಿಗೂ ಹೃದಯಾಘಾತ ತರಬಲ್ಲವು. ಪಾರ್ಟಿಯಲ್ಲಿ ಎಂಡಿಎಂಎ ತೆಗೆದುಕೊಂಡು ಗಂಟೆಗಟ್ಟಲೆ ಕುಣಿದವರ ಮೈಬಿಸಿ ಏರಿ ಸತ್ತ ಉದಾಹರಣೆಗಳಿವೆ. ಇನ್ನು ಸೊಲ್ಯೂಷನ್, ವೈಟ್ನರ್ ಮೂಸುವ ಮಕ್ಕಳು. ಅದರ ದ್ರಾವಕಗಳು ಮಿದುಳಿನ ನರಗಳ ಕೊಬ್ಬಿನ ಹೊದಿಕೆಯನ್ನೇ ಕೆಡಿಸುತ್ತವೆ, ಮೊದಲ ಸಲ ಮೂಸಿದಾಗಲೇ ಹೃದಯದ ಲಯ ತಪ್ಪಿ ಪ್ರಾಣ ಹೋಗಬಹುದು. 2019ರಲ್ಲಿ ಪ್ರಕಟವಾದ ಏಮ್ಸ್‌ನ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಕಂಡ ಏಕೈಕ ಮಾದಕ ಇದು. ಬೀದಿಯಲ್ಲಿ ಮಲಗುವ ಈ ಮಕ್ಕಳನ್ನು ಕೂಡಿಹಾಕಲು ರೂಮಾದರೂ ಯಾರ ಮನೆಯದು?

ಮೂರನೇ ಮಾತು ಗಾಂಜಾದ್ದು. "ಅದು ದೇವರ ಸೊಪ್ಪು. ಸಾಧುಗಳು ಸೇದ್ತಾರೆ, ಜಾತ್ರೆಯಲ್ಲಿ ಪ್ರಸಾದ ಕೊಡ್ತಾರೆ. ಗಾಂಜಾದಿಂದ ಸತ್ತವರು ಯಾರಿದ್ದಾರೆ?"

ಇದರಲ್ಲಿ ಒಂದು ಸತ್ಯವಿದೆ. ಗಾಂಜಾದ ಮುಖ್ಯ ಅಂಶವಾದ ಟಿಎಚ್‌ಸಿಗೆ ಸ್ಪಂದಿಸುವ ಗ್ರಾಹಕಗಳು ಉಸಿರಾಟದ ಕೇಂದ್ರದಲ್ಲಿ ತೀರ ಕಡಿಮೆ, ಹಾಗಾಗಿ ಹೆರಾಯಿನ್‌ನಂತೆ ಉಸಿರು ನಿಂತು ಸಾಯುವುದಿಲ್ಲ. ಯಾದಗಿರಿ ಕಡೆಯ ಸಿದ್ಧ, ಅವಧೂತ ಪರಂಪರೆಗಳಲ್ಲಿ ಅದಕ್ಕೆ ಹಳೆಯ ಜಾಗವಿರುವುದೂ ಹೌದು, ಅದನ್ನು ಹೀಗಳೆಯುವ ಉದ್ದೇಶ ನನಗಿಲ್ಲ. ಆದರೆ ಆ ಗ್ರಾಹಕಗಳು ನೆನಪು, ಯೋಚನೆ, ಚಲನೆಯ ಭಾಗಗಳಲ್ಲಿ ದಟ್ಟವಾಗಿವೆ. ಮಿದುಳು ಇಪ್ಪತ್ತೈದರ ಹತ್ತಿರದವರೆಗೂ ಬೆಳೆಯುತ್ತಲೇ ಇರುತ್ತದೆ. ಸ್ವೀಡನ್ನಿನಲ್ಲಿ ಸೇನೆಗೆ ಸೇರುವ ವಯಸ್ಸಿನ 45,000ಕ್ಕೂ ಹೆಚ್ಚು ಯುವಕರನ್ನು ಹದಿನೈದು ವರ್ಷ ಹಿಂಬಾಲಿಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐವತ್ತಕ್ಕೂ ಹೆಚ್ಚು ಸಲ ಗಾಂಜಾ ಬಳಸಿದವರಲ್ಲಿ ಸ್ಕಿಜೋಫ್ರೀನಿಯಾ ಆರು ಪಟ್ಟು ಹೆಚ್ಚಾಗಿತ್ತು. ಈ ಆರು ಪಟ್ಟೂ ಗಾಂಜಾ ಒಂದರಿಂದಲೇ ಬಂದದ್ದೆಂದು ಹೇಳಲಾಗದು, ಬೇರೆ ಕಾರಣಗಳೂ ಬೆರೆತಿರುತ್ತವೆ. ಆದರೆ ಆಮೇಲಿನ ಅಧ್ಯಯನಗಳೂ ಅದೇ ದಿಕ್ಕು ತೋರಿಸಿವೆ. ಮನೆತನದಲ್ಲಿ ಮಾನಸಿಕ ಕಾಯಿಲೆ ಇರುವ ಹದಿನಾರರ ಹುಡುಗನಿಗೆ ಸಾಧುವಿನ ಚಿಲುಮೆಯನ್ನು ಉದಾಹರಣೆ ಕೊಡಬಾರದು. ಗಿಡವೂ ಹಳೆಯದಾಗಿ ಉಳಿದಿಲ್ಲ. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ 1995ರಲ್ಲಿ ಶೇ 4ರಷ್ಟಿದ್ದ ಟಿಎಚ್‌ಸಿ 2014ಕ್ಕೆ ಶೇ 12ರಷ್ಟಾಗಿತ್ತು. ಬ್ಯಾಂಕಾಕ್‌ನಿಂದ ಬಂದು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುತ್ತಿರುವ ಹೈಡ್ರೋ ಗಾಂಜಾ ಜಾತ್ರೆಯ ಸೊಪ್ಪಲ್ಲ.

"ರಾತ್ರಿ ಒಂದು ಪೆಗ್ಗು ಹೃದಯಕ್ಕೆ ಒಳ್ಳೇದು, ಸರ್ಕಾರವೇ ಮಾರುತ್ತಲ್ಲ" ಎನ್ನುವವರಿಗೆ ಉತ್ತರ ಚಿಕ್ಕದು. ಮದ್ಯ ಕ್ಯಾನ್ಸರ್ ತರುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಹೇಳಿತು. ಸುರಕ್ಷಿತ ಪ್ರಮಾಣವೆಂಬುದು ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಬೀಡಿ ಸೇದಿದರೆ ತಲೆಬಿಸಿ ಇಳಿಯುತ್ತದೆ ಎನ್ನುವವರಿಗೂ ಅಷ್ಟೇ: ಹಿಂದಿನ ಬೀಡಿಯ ನಿಕೋಟಿನ್ ಇಳಿದಾಗ ಹುಟ್ಟಿದ ಕಿರಿಕಿರಿಯನ್ನು ಮುಂದಿನ ಬೀಡಿ ತಣಿಸುತ್ತದೆ.

ಐದನೆಯದು, ಓದಿದವರೂ ಹೇಳುವ ಮಾತು. "ಹೆರಾಯಿನ್ ಬಿಡಿಸೋಕೆ ಬ್ಯುಪ್ರೆನಾರ್ಫಿನ್ ಕೊಡ್ತಾರೆ. ಅದೂ ಅಫೀಮಿನ ಜಾತಿಯದ್ದೇ. ಒಂದು ಚಟ ಹೋಗಿ ಇನ್ನೊಂದು ಬಂತಷ್ಟೆ."

ಜಾತಿ ಒಂದೇ, ಕೆಲಸ ಬೇರೆ. ಬ್ಯುಪ್ರೆನಾರ್ಫಿನ್ ಆ ಗ್ರಾಹಕವನ್ನು ಅರ್ಧದಷ್ಟೇ ಎಬ್ಬಿಸುತ್ತದೆ, ಆದರೆ ಬಿಗಿಯಾಗಿ ಹಿಡಿದು ಕೂರುತ್ತದೆ. ಮೈನೋವು, ಸೆಳೆತ ತಣಿಯುತ್ತವೆ. ಉಸಿರನ್ನು ಕುಗ್ಗಿಸುವುದು ಒಂದು ಮಿತಿಗೆ ನಿಲ್ಲುತ್ತದೆ. ಮೇಲಿಂದ ಹೆರಾಯಿನ್ ತೆಗೆದುಕೊಂಡರೂ ಅದಕ್ಕೆ ಜಾಗ ಸಿಗುವುದು ಕಷ್ಟ. ಏರಿಳಿತವಿಲ್ಲದೆ ದಿನ ಸಾಗುವುದರಿಂದ ಮನುಷ್ಯ ಕೆಲಸಕ್ಕೆ ಹೋಗುತ್ತಾನೆ, ಸಿರಿಂಜು ಹಂಚಿಕೊಳ್ಳುವುದಿಲ್ಲ, ಎಚ್‌ಐವಿ ತಗಲುವ ಭಯ ಕಡಿಮೆಯಾಗುತ್ತದೆ. ಈ ಚಿಕಿತ್ಸೆಯಲ್ಲಿ ಇದ್ದಷ್ಟು ಕಾಲ ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯುತ್ತದೆ ಎಂದು ಹಲವು ದೇಶಗಳ ಲೆಕ್ಕ ಸೇರಿಸಿ ನೋಡಿದವರು ಕಂಡಿದ್ದಾರೆ. ಇಂಥ ಔಷಧಿಗಳು 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ದಿನವೂ ಮಾತ್ರೆ ನುಂಗಿ ಬಿ.ಪಿ. ಹಿಡಿತದಲ್ಲಿಟ್ಟುಕೊಂಡವರನ್ನು ನಾವು ಚಟದವರು ಎನ್ನುವುದಿಲ್ಲ.

ಕೊನೆಯ ಆಕ್ಷೇಪ ಹಣದ್ದು. "ಎಷ್ಟು ಸಲ ಸೇರಿಸಿದರೂ ಮತ್ತೆ ಶುರು ಮಾಡ್ತಾರೆ. ಇವರಿಗೆ ಯಾಕೆ ದುಡ್ಡು ಸುರೀಬೇಕು?"

ಚಿಕಿತ್ಸೆಯ ನಂತರ ಒಂದು ವರ್ಷದೊಳಗೆ ಮರುಕಳಿಸುವವರು ಸುಮಾರು ಅರ್ಧದಷ್ಟು. ಅಸ್ತಮಾ, ರಕ್ತದೊತ್ತಡದ ರೋಗಿಗಳಲ್ಲೂ ಔಷಧಿ ತಪ್ಪಿಸಿ ಮತ್ತೆ ಆಸ್ಪತ್ರೆಗೆ ಬರುವವರ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ. ಅವರನ್ನು ಎರಡನೇ ಸಲ ವಾಪಸ್ ಕಳಿಸಿ ಎಂದು ಯಾರೂ ಅನ್ನುವುದಿಲ್ಲ. ಅಷ್ಟಕ್ಕೂ ನಾವು ಸುರಿದಿರುವ ದುಡ್ಡಾದರೂ ಎಷ್ಟು? ಮೇಲೆ ಹೇಳಿದ 2019ರ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಪೂರ್ತಿ ಅಂಟಿಕೊಂಡ ಮೂವತ್ತೆಂಟು ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ ಮೂವತ್ತೇಳು ಜನರಿಗೆ ಚಿಕಿತ್ಸೆ ಫಲಿಸಲಿಲ್ಲ ಎನ್ನಲು ಅವರಿಗೆ ನಾವು ಅದನ್ನು ಕೊಟ್ಟೇ ಇಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ನಾಲ್ಕು ಹಾಸಿಗೆ, ಲೋರಾಜೆಪಾಮ್, ಥಯಮಿನ್, ಬ್ಯುಪ್ರೆನಾರ್ಫಿನ್, ತಿಂಗಳಿಗೊಮ್ಮೆ ಮನೆಗೆ ಫೋನ್ ಮಾಡಿ ಕೇಳುವ ಒಬ್ಬ ಆಪ್ತಸಮಾಲೋಚಕ: ನಮ್ಮ ಬೇಡಿಕೆ ಇಷ್ಟೇ. ಅದು ಸಿಗುವವರೆಗೆ, ಮನೆಯಲ್ಲಿ ಕುಡಿತ ನಿಲ್ಲಿಸಿದವರಿಗೆ ನಡುಕ ಹತ್ತಿದರೆ ಬಾಗಿಲು ಹಾಕಬೇಡಿ, ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ; ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446ಕ್ಕೆ ಕರೆ ಮಾಡಿ.